ಬಾರದೆ ಉಳಿದ ಪೆಟ್ಟಿಗೆ



ನಿಮ್ಮಲ್ಲಿ ಬಹುಮಂದಿ ಜೀವನದಲ್ಲಿ ಒಮ್ಮೆಯಾದರೂ ಮನೆ ಬದಲಿಸಿರುತ್ತೀರಿ. ನೌಕರಿಯ ಕಾರಣಕ್ಕೋ, ಮಕ್ಕಳ ವಿದ್ಯಾಭ್ಯಾಸಕ್ಕೋ, ಪಾಲು ವಿಂಗಡಣೆಯಾಗಿಯೋ ಗಂಟುಮೂಟೆ ಕಟ್ಟಿದವರಿಗೆಲ್ಲ ಒಂದು ಸಂಗತಿ ತಿಳಿದಿರುತ್ತದೆ. ಹೊಸ ಮನೆಯ ಅಂಗಳದಲ್ಲಿ ಸಾಮಾನು ಇಳಿಸಿದಾಗ ಬಂದದ್ದು ಕಣ್ಣಿಗೆ ಕಾಣುವುದಿಲ್ಲ, ಬಾರದೆ ಇರುವುದೇ ಎದ್ದು ಕಾಣುತ್ತದೆ. ಹತ್ತು ಪೆಟ್ಟಿಗೆಗಳು ಸುರಕ್ಷಿತವಾಗಿ ತಲುಪಿರುತ್ತವೆ. ಮನಸ್ಸು ಮಾತ್ರ ಹನ್ನೊಂದನೆಯದರ ಸುತ್ತಲೇ ಗಿರಕಿ ಹೊಡೆಯುತ್ತದೆ. ನೂರು ಕುರಿಗಳಲ್ಲಿ ತಪ್ಪಿಸಿಕೊಂಡ ಒಂದರ ಕಥೆಯನ್ನು ಎಷ್ಟೋ ಬಾರಿ ಪೀಠದಿಂದ ವಿವರಿಸಿರುವ ನನಗೆ, ಆ ಕುರುಬನು ಉಳಿದ ತೊಂಬತ್ತೊಂಬತ್ತನ್ನು ಹೇಗೆ ಅಷ್ಟು ಸಲೀಸಾಗಿ ಬಿಟ್ಟು ಹೋದನೆಂಬುದು ಚೆನ್ನಾಗಿ ಅರ್ಥವಾದದ್ದು 2018ರ ಜೂನ್ ತಿಂಗಳಲ್ಲಿ.

ಗುರುಗಳ ಬದುಕಿನಲ್ಲಿ ವರ್ಗಾವಣೆ ಹೊಸತಲ್ಲ. ಐದಾರು ವರ್ಷಕ್ಕೊಮ್ಮೆ ಧರ್ಮಾಧ್ಯಕ್ಷರ ಪತ್ರ ಬರುತ್ತದೆ. ಮಳೆಗಾಲ ಹಿಡಿಯುವ ಮುಂಚೆ ಹೊಸ ಧರ್ಮಕೇಂದ್ರದ ಬೀಗದ ಕೈ ನಮ್ಮ ಕೈಗೆ ಬರುತ್ತದೆ. ಬಟ್ಟೆಬರೆ ಎರಡು ಪೆಟ್ಟಿಗೆ, ಪುಸ್ತಕ ಆರು ಪೆಟ್ಟಿಗೆ, ಹಾಸಿಗೆ, ಒಂದು ಮೇಜುದೀಪ, ಇಷ್ಟೇ ಸಂಸಾರ. ನನ್ನದರಲ್ಲಿ ಹೆಚ್ಚುವರಿಯಾಗಿ ಒಂದು ಪೆಟ್ಟಿಗೆ ಇರುತ್ತಿತ್ತು. ಹಲಸಿನ ಹಲಗೆಯದು, ಮೂಲೆಗಳಿಗೆ ತಗಡು ಬಡಿದದ್ದು, ಇಬ್ಬರು ಹಿಡಿದರೂ ಏದುಸಿರು ಬಿಡಿಸುವಂಥದ್ದು. ಅದರೊಳಗೆ ನನ್ನ ಮರಗೆಲಸದ ಉಪಕರಣಗಳಿದ್ದವು.

ಗುರುವಾದವನಿಗೆ ಉಳಿ ಕೊಡತಿಗಳ ಗೊಡವೆ ಏಕೆ ಎಂದು ಕೆಲವರು ಕೇಳಿದ್ದುಂಟು. ನನ್ನ ತಂದೆ ಮೂಡಿಗೆರೆ ಸಮೀಪದ ಒಂದು ಕಾಫಿ ಎಸ್ಟೇಟಿನಲ್ಲಿ ಬಡಗಿಯಾಗಿದ್ದರು. ಲೈನು ಮನೆಗಳ ಬಾಗಿಲು, ಪಲ್ಪಿಂಗ್ ಮನೆಯ ತೊಟ್ಟಿಯ ಹಲಗೆ, ಕಣದಲ್ಲಿ ಕಾಫಿ ಹರವುವ ಗೋರುಮಣೆ, ಕೊಯ್ಲಿನ ಏಣಿ, ಯಾರಾದರೂ ತೀರಿಹೋದರೆ ಶವಪೆಟ್ಟಿಗೆ, ಎಲ್ಲವೂ ಅವರ ಕೈಯಿಂದಲೇ ಆಗಬೇಕು. ಅವರು ಈ ವಿದ್ಯೆ ಕಲಿತದ್ದು ಅದೇ ತೋಟದ ಹಿರಿಯ ಆಚಾರಿಯೊಬ್ಬರಿಂದ. ಹೀಗಾಗಿ ನಮ್ಮ ಮನೆಮಾತು ಕೊಂಕಣಿಯಾದರೂ ಉಪಕರಣಗಳ ಹೆಸರೆಲ್ಲ ಅಪ್ಪಟ ಕನ್ನಡ: ಉಳಿ, ಬಾಚಿ, ಕೀಸುಳಿ, ಉಜ್ಜುಗೊರಡು, ಬೈರಿಗೆ, ಮೂಲೆಮಟ್ಟ. ಊಟಕ್ಕೆ ಕೂತಾಗ ಕೊಂಕಣಿಯಲ್ಲಿ ಮಾತಾಡುತ್ತಿದ್ದ ಅಪ್ಪ, ಮರದ ಮುಂದೆ ನಿಂತಾಗ ಕನ್ನಡಿಗರಾಗಿಬಿಡುತ್ತಿದ್ದರು. ರಜೆಯಲ್ಲಿ ಗುರುಮಠದಿಂದ ಮನೆಗೆ ಬಂದ ನನ್ನೊಡನೆ ಅವರಿಗೆ ಮಾತಾಡಲು ಹೆಚ್ಚೇನೂ ಇರಲಿಲ್ಲ. ತತ್ತ್ವಶಾಸ್ತ್ರ ಓದುವ ಮಗನಲ್ಲಿ ಏನು ಕೇಳುವುದೆಂಬ ಸಂಕೋಚ ಅವರಿಗೆ. ಏನು ಹೇಳುವುದೆಂಬ ಸಂಕೋಚ ನನಗೆ. ಸಾಣೆಕಲ್ಲಿನ ಎದುರುಬದುರು ಕೂತು ಉಳಿ ಮಸೆಯುವಾಗ ಮಾತ್ರ ಆ ಸಂಕೋಚ ಇರುತ್ತಿರಲಿಲ್ಲ. ನಮ್ಮ ತಂದೆ ಮಗನ ಸಂಬಂಧವೆಲ್ಲ ಆ ಕಲ್ಲಿನ ಮೇಲೆ ಎಣ್ಣೆ ನೀರುಗಳ ಜೊತೆ ಬೆಳೆದದ್ದು.

2004ರಲ್ಲಿ ಅಪ್ಪ ತೀರಿಕೊಂಡರು. ಅಣ್ಣಂದಿರಿಗೆ ಮರಗೆಲಸದಲ್ಲಿ ಆಸಕ್ತಿಯಿಲ್ಲ. ಉಪಕರಣಗಳು ನನ್ನ ಪಾಲಿಗೆ ಬಂದವು. ನನ್ನವೂ ಕೆಲವು ಕೂಡಿಕೊಂಡವು. ಹೋದ ಹೋದ ಧರ್ಮಕೇಂದ್ರಗಳಲ್ಲಿ ಒಂದು ಮೂಲೆ ಹುಡುಕಿ ಕೆಲಸದ ಮೇಜು ಹಾಕುತ್ತಿದ್ದೆ. ಸೋಮವಾರ ಮಧ್ಯಾಹ್ನ ನನ್ನ ಸಮಯ. ಹಿರಿದಾದದ್ದೇನನ್ನೂ ಮಾಡಿದವನಲ್ಲ: ಮಂಡಿಯೂರುವ ಪೀಠಗಳ ದುರಸ್ತಿ, ಕ್ರಿಸ್ಮಸ್ ಗೋದಲಿಗೆ ಚೌಕಟ್ಟು, ಮಕ್ಕಳಿಗೆ ಬುಗುರಿ, ವೃದ್ಧರಿಗೆ ಕಾಫಿ ಗಿಡದ ಊರುಗೋಲು. ಕಿತ್ತು ಹಾಕಿದ ಹಳೆಯ ಅರಾಬಿಕಾ ಗಿಡದ ಬುಡವನ್ನು ಸೌದೆಗೆ ಹಾಕುವವರೇ ಹೆಚ್ಚು. ನಿಧಾನವಾಗಿ ನೆರಳಿನಲ್ಲಿ ಒಣಗಿಸಿದರೆ ಅದು ದಂತದಂತೆ ನುಣುಪಾಗುವ, ಗಟ್ಟಿಯಾದ ಮರ. ಆತುರಪಟ್ಟು ಬಿಸಿಲಿಗಿಟ್ಟರೆ ಸೀಳಿಹೋಗುತ್ತದೆ. ಅಪ್ಪನ ಎಲ್ಲ ಉಳಿಗಳ ಹಿಡಿಯೂ ಕಾಫಿ ಮರದ್ದೇ.

ಕಲಬುರಗಿ ಸೀಮೆಯಲ್ಲಿ ಏಳು ವರ್ಷ ಸೇವೆ ಸಲ್ಲಿಸಿ ಕಳಸದ ಕಡೆಯ ಒಂದು ಪುಟ್ಟ ಧರ್ಮಕೇಂದ್ರಕ್ಕೆ ಮರಳುವ ಆದೇಶ ಬಂದಾಗ ಪೆಟ್ಟಿಗೆಯನ್ನು ಸಿದ್ಧಗೊಳಿಸಲು ಮೂರು ದಿನ ಬೇಕಾಯಿತು. ಪ್ರತಿಯೊಂದು ಉಳಿಯ ಬಾಯಿಗೂ ರಬ್ಬರಿನ ಟೊಪ್ಪಿಗೆ ತೊಡಿಸಿ, ಗರಗಸದ ಹಲ್ಲುಗಳಿಗೆ ಸೀಳಿದ ಬಿದಿರು ಸಿಕ್ಕಿಸಿ, ಎಲ್ಲಕ್ಕೂ ತೆಳುವಾಗಿ ಎಣ್ಣೆ ಸವರಿ, ಹಳೆಯ ಕಂಬಳಿಯಲ್ಲಿ ಸುತ್ತಿ ಇಟ್ಟೆ. ಬಯಲುಸೀಮೆಯ ಒಣ ಹವೆಯಿಂದ ಮಲೆನಾಡಿನ ತೇವಕ್ಕೆ ಹೋಗುವ ಕಬ್ಬಿಣ ಒಂದೇ ವಾರದಲ್ಲಿ ತುಕ್ಕು ಹಿಡಿಯುತ್ತದೆ. ಮರಕ್ಕೂ ಹಾಗೆಯೇ ಹವೆಯ ಹಂಗು. ಮೂಡಿಗೆರೆಯಲ್ಲಿ ಬಿಗಿಯಾಗಿದ್ದ ಕೀಸುಳಿಯ ಬೆಣೆ ಕಲಬುರಗಿಯ ಮೊದಲ ಬೇಸಿಗೆಯಲ್ಲೇ ಸಡಿಲಾಗಿ ಕೈಗೆ ಬಂದಿತ್ತು. ಅದಕ್ಕೆ ಅಲ್ಲಿಯ ಜಾಲಿ ಮರದ ತೆಳ್ಳನೆಯ ಪಟ್ಟಿ ಅಂಟಿಸಿ ಸರಿಮಾಡಿದ್ದೆ. ಮಲೆನಾಡಿಗೆ ಹಿಂದಿರುಗಿದ ಮೇಲೆ ಆ ಪಟ್ಟಿಯನ್ನು ತೆಗೆಯಬೇಕಾದೀತು ಎಂದುಕೊಂಡೇ ಮುಚ್ಚಳ ಹಾಕಿದೆ.

ಸಾಗಾಣಿಕೆ ಸಂಸ್ಥೆಯೊಂದರಲ್ಲಿ ಹನ್ನೊಂದು ನಗ ಬುಕ್ ಮಾಡಿಸಿದೆ. ದಾರಿ ಸುಮಾರು ಆರುನೂರು ಕಿಲೋಮೀಟರ್. ನಡುವೆ ಒಂದೆಡೆ ಗೋದಾಮಿನಲ್ಲಿ ಇಳಿಸಿ ಬೇರೆ ಲಾರಿಗೆ ಏರಿಸುತ್ತಾರೆ. ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಕಳಸಕ್ಕೆ ಸಣ್ಣ ವಾಹನ. ಒಂಬತ್ತು ದಿನಗಳ ನಂತರ, ಸುರಿವ ಮಳೆಯಲ್ಲಿ, ಟಾರ್ಪಾಲಿನ ಕೆಳಗಿನಿಂದ ಹತ್ತು ನಗ ಇಳಿದವು. ಪುಸ್ತಕಗಳ ಆರೂ ಪೆಟ್ಟಿಗೆಗಳು ಕೂದಲೂ ಕೊಂಕದಂತೆ ಬಂದಿದ್ದವು. ಲ್ಯಾಟಿನ್ ಧರ್ಮಶಾಸ್ತ್ರಕ್ಕೆ ಗಿರಾಕಿ ಇರಲಿಲ್ಲವೆಂದು ಕಾಣುತ್ತದೆ.

ಅನಂತರದ ಹುಡುಕಾಟವನ್ನು ವಿಸ್ತರಿಸಲಾರೆ. ಎರಡು ಬಾರಿ ಚಿಕ್ಕಮಗಳೂರಿಗೆ, ಒಂದು ಬಾರಿ ನಡುದಾರಿಯ ಆ ಗೋದಾಮಿಗೆ ಹೋಗಿ ಬಂದೆ. ಅಕ್ಕಿಚೀಲ, ಪಂಪುಸೆಟ್ಟು, ಮದುವೆಯ ಕಪಾಟುಗಳ ನಡುವೆ ಟಾರ್ಚು ಹಿಡಿದು ಇಣುಕಿದೆ. ಅಲ್ಲಿಯ ಗುಮಾಸ್ತ ಸಭ್ಯ ಮನುಷ್ಯ. ಕಡತ ತೆರೆದು ತೋರಿಸಿದ. ಬುಕ್ ಮಾಡುವಾಗ ನಾನು "ಮರಗೆಲಸದ ಉಪಕರಣಗಳು" ಎಂದು ಹೇಳಿ ಬರೆಯಿಸಿದ್ದೆ. ರಸೀದಿಯ ಪ್ರತಿಯಲ್ಲೂ ಹಾಗೆಯೇ ಇತ್ತು. ಗೋದಾಮಿನಲ್ಲಿ ಮರುನಕಲು ಮಾಡಿದ ಪಟ್ಟಿಯಲ್ಲಿ ಮಾತ್ರ ಅದು "ಹಳೆ ಕಬ್ಬಿಣ, 1 ಪೆಟ್ಟಿಗೆ, 62 ಕೆ.ಜಿ." ಎಂದಾಗಿತ್ತು. ಕಿಲೋಗೆ 22 ರೂಪಾಯಿಯಂತೆ ಗುಜರಿಯ ದರ ಹಿಡಿದು 1,364 ರೂಪಾಯಿ ಪರಿಹಾರ ಕೊಡಲು ಅವರು ಸಿದ್ಧರಿದ್ದರು. ಕೆಳಗೆ ಒಂದು ಸಹಿ ಬೇಕಿತ್ತು, ಅಷ್ಟೇ.

ನಾನು ಸಹಿ ಮಾಡಲಿಲ್ಲ. ಹಣದ ಮೊತ್ತ ಸಣ್ಣದೆಂಬುದು ಕಾರಣವಲ್ಲ. ನನ್ನ ಅಪ್ಪ ನಲವತ್ತು ವರ್ಷ ಹಿಡಿದ ವಸ್ತುಗಳು ಹಳೆ ಕಬ್ಬಿಣವೆಂದು ನಾನೇ ಬರೆದುಕೊಟ್ಟಂತಾಗುತ್ತಿತ್ತು. ಗುಮಾಸ್ತ ನನ್ನನ್ನು ವಿಚಿತ್ರವಾಗಿ ನೋಡಿದ. ದೂರದ ಊರಿಗೆ ಸಾಮಾನು ಕಳಿಸುವ ಓದುಗರ ಉಪಯೋಗಕ್ಕೆಂದು ಒಂದು ಮಾತು ಇಲ್ಲಿ ಸೇರಿಸುತ್ತೇನೆ. 1865ರ ಹಳೆಯ ಸಾಗಣೆದಾರರ ಕಾಯಿದೆಯ ಸ್ಥಾನದಲ್ಲಿ ಈಗ 2007ರ ರಸ್ತೆ ಸಾಗಣೆ ಕಾಯಿದೆ ಇದೆ. ಕಳೆದುಹೋದ ಸಾಮಾನಿನ ಬಗ್ಗೆ ದಾವೆ ಹೂಡಬೇಕಾದರೆ ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಹೆಚ್ಚಿನ ಬೆಲೆಯನ್ನು ಮೊದಲೇ ಘೋಷಿಸಿ ಹೆಚ್ಚಿನ ದರ ತೆರದಿದ್ದರೆ ಪರಿಹಾರಕ್ಕೆ ಸಾಗಣೆ ಬಾಡಿಗೆಯ ಹತ್ತು ಪಟ್ಟು ಎಂಬ ಮಿತಿಯಿದೆ. ನೋಟಿಸನ್ನು ನಾನು ಕೊಟ್ಟೆ, ಉತ್ತರ ಬರಲಿಲ್ಲ, ನ್ಯಾಯಾಲಯದ ಮೆಟ್ಟಿಲು ಹತ್ತಲು ಮನಸ್ಸಾಗಲಿಲ್ಲ. ಹತ್ತು ಪಟ್ಟಾಗಲಿ ನೂರು ಪಟ್ಟಾಗಲಿ, ಅಪ್ಪನ ಉಜ್ಜುಗೊರಡನ್ನು ಯಾವ ಅಂಗಡಿಯಲ್ಲಿ ಕೊಳ್ಳಲಿ?

ಆ ಉಜ್ಜುಗೊರಡಿನ ಬಗ್ಗೆ ಹೇಳಲೇಬೇಕು. ಇಪ್ಪತ್ತೆರಡು ಅಂಗುಲ ಉದ್ದದ ಬೀಟೆಯ ದಿಮ್ಮಿ. ತೋಟದ ಹಳೆಯ ಬಂಗಲೆಯ ತೊಲೆಯೊಂದನ್ನು ಬದಲಿಸಿದಾಗ ಉಳಿದ ತುಂಡಿನಿಂದ ಅಪ್ಪ ತಾವೇ ಕಡೆದದ್ದು. ಎಡಗೈ ಹೆಬ್ಬೆರಳು ಊರುವಲ್ಲಿ ಒಂದು ತಗ್ಗು ಬಿದ್ದಿತ್ತು. ಮಾಡಿದ ತಗ್ಗಲ್ಲ, ಸವೆದ ತಗ್ಗು. ನನ್ನ ಹೆಬ್ಬೆರಳು ಅಪ್ಪನದಕ್ಕಿಂತ ಚಿಕ್ಕದು. ಅಲ್ಲಿಟ್ಟರೆ ಸುತ್ತಲೂ ಸ್ವಲ್ಪ ಜಾಗ ಉಳಿಯುತ್ತಿತ್ತು. ಹದಿನಾಲ್ಕು ವರ್ಷ ಬಳಸಿದರೂ ಆ ಜಾಗ ತುಂಬಲಿಲ್ಲ. ಅಪ್ಪನ ಭಾವಚಿತ್ರವೊಂದು ನನ್ನ ಕೋಣೆಯಲ್ಲಿದೆ, ಅದು ಸುರಕ್ಷಿತವಾಗಿ ಬಂತು. ಆದರೆ ಚಿತ್ರದೊಳಗೆ ಬೆರಳಿಡಲು ಬರುವುದಿಲ್ಲ.

ಅದರ ಅಲಗು ಇಂಗ್ಲೆಂಡಿನ ಶೆಫೀಲ್ಡಿನದು. ತೋಟ ಬಿಟ್ಟುಹೋದ ದೊರೆಯೊಬ್ಬರ ಕಾಲದ್ದು. ಎರಕದ ಉಕ್ಕು ಎಂಬರ್ಥದ ಮುದ್ರೆ ಅದರ ಮೇಲಿತ್ತು. ನನಗೆ ಅದು ಪರದೇಶದ ವಸ್ತುವೆಂದು ಎಂದೂ ಅನ್ನಿಸಲಿಲ್ಲ. ಅದಕ್ಕೆ ಕಾರಣವೂ ಇದೆ. ಮೂಸೆಯಲ್ಲಿ ಉಕ್ಕು ಕರಗಿಸುವ ವಿದ್ಯೆ ಶೆಫೀಲ್ಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕನಿಂದ ಬೆಳೆದದ್ದು 1740ರ ದಶಕದಲ್ಲಿ. ದಕ್ಷಿಣ ಭಾರತದಲ್ಲಿ ಅದಕ್ಕಿಂತ ಎಷ್ಟೋ ಶತಮಾನ ಹಿಂದೆಯೇ ಮಣ್ಣಿನ ಮೂಸೆಗಳಲ್ಲಿ ಉಕ್ಕು ತಯಾರಾಗುತ್ತಿತ್ತು. ಯುರೋಪಿನವರು ಅದನ್ನು "ವೂಟ್ಸ್" ಎಂದು ಕರೆದರು. ಈ ಪದ ನಮ್ಮ "ಉಕ್ಕು" ಎಂಬುದರ ಅಪಭ್ರಂಶವೆಂಬುದು ವಿದ್ವಾಂಸರಲ್ಲಿ ಪ್ರಚಲಿತವಾಗಿರುವ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯರು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಮೇಲೆ ಪ್ರಬಂಧ ಮಂಡಿಸಿದರು. ಕಾಲು ಶತಮಾನದ ಬಳಿಕ ಮೈಕೆಲ್ ಫ್ಯಾರಡೆಯವರೇ ಅದರ ಗುಟ್ಟು ಬಿಡಿಸಲು ಹೆಣಗಿದರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಉಕ್ಕಿನ ಕುಲುಮೆಗಳನ್ನು ಕಂಡು ವರ್ಣಿಸಿದ್ದಾರೆ. ಅಪ್ಪನಿಗೆ ಇದನ್ನೆಲ್ಲ ಹೇಳಿದ್ದೆ. ಅವರು ಅಲಗನ್ನು ಹೆಬ್ಬೆರಳ ಉಗುರಿನ ಮೇಲೆ ಒತ್ತಿ ಪರೀಕ್ಷಿಸಿ, "ಎಲ್ಲಿಯದಾದರೇನು, ಮಸೆಯದಿದ್ದರೆ ಬೆಣ್ಣೆಯೂ ಕತ್ತರಿಸುವುದಿಲ್ಲ" ಎಂದಿದ್ದರು.

ಕಳೆದುಹೋದ ಉಪಕರಣ ಕಳೆದುಹೋದ ಹಣದಂತಲ್ಲ. ಗರಗಸದ ಹಲ್ಲುಗಳನ್ನು ಒಂದು ಎಡಕ್ಕೆ ಒಂದು ಬಲಕ್ಕೆ ಬಾಗಿಸಿ ಅರ ಹಾಕುವಾಗ ಪ್ರತಿಯೊಬ್ಬನ ಕೈಯೂ ತನ್ನದೇ ಒಂದು ಓರೆಯನ್ನು ಅದರಲ್ಲಿ ಬಿಡುತ್ತದೆ. ಉಳಿಯ ಬಾಯಿಯನ್ನು ಇಪ್ಪತ್ತೈದು ಡಿಗ್ರಿಗೆ ಮಸೆಯಬೇಕೆಂದು ಪುಸ್ತಕ ಹೇಳಿದರೂ ಒಬ್ಬೊಬ್ಬನ ಇಪ್ಪತ್ತೈದು ಒಂದೊಂದು ಬಗೆ. ವರ್ಷಗಳು ಕಳೆದಂತೆ ಕೈಯೂ ಆ ಓರೆಗೆ ಹೊಂದಿಕೊಳ್ಳುತ್ತದೆ. ಪೆಟ್ಟಿಗೆ ಹೋದ ಮೇಲೆ ನನ್ನ ಕೈಗಳಿಗೆ ಏನೋ ಮರೆತಂತಾಗುತ್ತಿತ್ತು. ಸೋಮವಾರ ಮಧ್ಯಾಹ್ನ ಮಳೆಯ ಸದ್ದು ಕೇಳುತ್ತ ಜಗಲಿಯಲ್ಲಿ ಕೂತಿರುತ್ತಿದ್ದೆ. ಕೋಪವಿರಲಿಲ್ಲವೆಂದರೆ ಸುಳ್ಳಾದೀತು. ಇಂಥ ವಸ್ತುಗಳ ಮೇಲೆ ಗುರುವಿಗೆ ಇಷ್ಟು ಮೋಹವೇಕೆಂದು ಸೋದರ ಗುರುಗಳೊಬ್ಬರು ಮೃದುವಾಗಿಯೇ ಕೇಳಿದರು. ಬಡತನದ ಮೇಲೆ ನಾನೂ ಧ್ಯಾನಕೂಟಗಳಲ್ಲಿ ಪ್ರವಚನ ಕೊಟ್ಟವನೇ. ಅವರ ಪ್ರಶ್ನೆಗೆ ಅಂದು ಉತ್ತರ ಕೊಡಲಿಲ್ಲ, ಇಂದೂ ನನ್ನಲ್ಲಿ ಪೂರ್ಣ ಉತ್ತರವಿಲ್ಲ.

ನಮ್ಮ ಧರ್ಮಕ್ಷೇತ್ರದ ಪ್ರಧಾನಾಲಯ ಸಂತ ಜೋಸೆಫರ ಹೆಸರಿನಲ್ಲಿದೆ. ಶುಭಸಂದೇಶದ ಗ್ರೀಕ್ ಮೂಲ ಅವರನ್ನು "ತೆಕ್ತೋನ್" ಎನ್ನುತ್ತದೆ. ಮಾರ್ಕನ ಗ್ರಂಥದಲ್ಲಿ ನಜರೇತಿನ ಜನ ಯೇಸುವನ್ನೇ ಹಾಗೆ ಕರೆಯುತ್ತಾರೆ. ಬಡಗಿ ಎಂದೂ ಮನೆಕಟ್ಟುವವ ಎಂದೂ ಅದಕ್ಕೆ ಅರ್ಥ. ಯೇಸು ನೇಗಿಲು ನೊಗಗಳನ್ನು ಮಾಡುತ್ತಿದ್ದರೆಂದು ಎರಡನೆಯ ಶತಮಾನದ ಸಂತ ಜಸ್ಟಿನ್ ಬರೆದಿದ್ದಾರೆ. ಆ ಮಳೆಗಾಲದಲ್ಲಿ ನನಗೆ ಹೊಳೆದ ಪ್ರಶ್ನೆಯೊಂದು ಗುರುಮಠದ ಯಾವ ತರಗತಿಯಲ್ಲೂ ಬಂದಿರಲಿಲ್ಲ. ದೂತನ ಮಾತು ಕೇಳಿ ಜೋಸೆಫರು ರಾತ್ರೋರಾತ್ರಿ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರಲ್ಲ, ಅವರ ಉಪಕರಣಗಳೇನಾದವು? ಚಿತ್ರಕಾರರು ಕತ್ತೆಯನ್ನು ಬರೆಯುತ್ತಾರೆ, ಮರಿಯಮ್ಮನವರನ್ನು ಬರೆಯುತ್ತಾರೆ. ಕೆಲವು ಚಿತ್ರಗಳಲ್ಲಿ ಹೆಗಲ ಕೋಲಿಗೆ ಒಂದು ಗಂಟು ತೂಗಾಡುತ್ತದೆ. ಆ ಗಂಟಿನಲ್ಲಿ ಎಷ್ಟು ಹಿಡಿದೀತು? ಒಂದು ಬಾಚಿ, ಎರಡು ಉಳಿ. ದೊಡ್ಡ ಗರಗಸ ಹಿಂದೆಯೇ ಉಳಿದಿರಬೇಕು. ಪರದೇಶದಲ್ಲಿ ಅನ್ನ ಸಂಪಾದಿಸಬೇಕಾದ ಬಡಗಿಗೆ ಅದೇನು ಸಣ್ಣ ನಷ್ಟವಲ್ಲ.

ದಾರಿಯಲ್ಲಿ ಕಳೆದುಹೋದ ಉಪಕರಣಗಳು ಕೆಲವೊಮ್ಮೆ ಸಿಗುವುದೂ ಉಂಟು, ಆದರೆ ಕಳೆದುಕೊಂಡವನಿಗಲ್ಲ. 1936ರಲ್ಲಿ ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದಲ್ಲಿ, ಮೇಸ್ಟರ್‌ಮೂರ್ ಎಂಬ ಜೌಗನ್ನು ಬತ್ತಿಸಿದ ಹೊಲದಲ್ಲಿ ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಏನೋ ಸಿಕ್ಕಿಕೊಂಡಿತು. ಅಗೆದು ನೋಡಿದರೆ ಓಕ್ ಮರದ ಪೆಟ್ಟಿಗೆ, ಸುತ್ತ ಸರಪಳಿ. ಒಳಗೂ ಹೊರಗೂ ಸೇರಿ ಇನ್ನೂರಕ್ಕೂ ಹೆಚ್ಚು ವಸ್ತುಗಳು: ಗರಗಸ, ಕೊಡಲಿ, ಬೈರಿಗೆಯ ಅಲಗು, ಸುತ್ತಿಗೆ, ಇಕ್ಕಳ, ಅರ, ಬೀಗ. ಸಾವಿರ ವರ್ಷ ಹಿಂದಿನ, ವೈಕಿಂಗ್ ಕಾಲದ ಕುಶಲಕರ್ಮಿಯೊಬ್ಬನ ಸರ್ವಸ್ವ. ಆ ಜೌಗು ಆಗ ಕೆರೆಯಾಗಿತ್ತು. ದಾಟಿಸುವಾಗ ಪೆಟ್ಟಿಗೆ ನೀರುಪಾಲಾಗಿರಬೇಕೆಂದು ಊಹಿಸಲಾಗಿದೆ. ಈಗ ಅದು ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿದೆ; ಹವ್ಯಾಸಿ ಬಡಗಿಗಳು ಅದರ ಅಳತೆ ಹಿಡಿದು ಅಂಥದ್ದೇ ಪೆಟ್ಟಿಗೆಗಳನ್ನು ಮಾಡುತ್ತಾರೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲ್ಪಟ್ಟ ಇಂಗ್ಲೆಂಡಿನ ಮೇರಿ ರೋಸ್ ಎಂಬ ಯುದ್ಧನೌಕೆಯ ಅವಶೇಷಗಳಲ್ಲೂ ಬಡಗಿಗಳ ಪೆಟ್ಟಿಗೆಗಳಿದ್ದವು. ಅಲ್ಲಿ ಉಪ್ಪುನೀರು ಕಬ್ಬಿಣವನ್ನು ತಿಂದುಹಾಕಿ ಮರದ ಹಿಡಿಗಳನ್ನು ಉಳಿಸಿತ್ತು. ಕೈ ಮುಟ್ಟಿದ ಭಾಗ ಮಾತ್ರ ಉಳಿಯಿತು. ಮೇಸ್ಟರ್‌ಮೂರಿನ ಆ ಮನುಷ್ಯ ಕೆರೆಯ ದಡದಲ್ಲಿ ನಿಂತು ನೀರನ್ನೇ ಎಷ್ಟು ಹೊತ್ತು ನೋಡಿದನೋ ಎಂದು ನಾನು ಎಷ್ಟೋ ಬಾರಿ ಯೋಚಿಸಿದ್ದೇನೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕಳಸದಿಂದ ಭದ್ರಾ ನದಿಯ ಗುಂಟ ಮೇಲಕ್ಕೆ ಹೋದರೆ ಕುದುರೆಮುಖ. 1976ರಲ್ಲಿ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಗಿ, ಇರಾನ್ ದೇಶದ ಹಣದ ನೆರವಿನಿಂದ ಕಾಡಿನ ನಡುವೆ ಒಂದು ಊರೇ ಎದ್ದಿತು. ಶಾಲೆ, ಆಸ್ಪತ್ರೆ, ಕ್ವಾರ್ಟರ್ಸುಗಳ ಸಾಲು. ಅದಿರಿನ ಕೆಸರನ್ನು ಘಟ್ಟದ ಕೆಳಗೆ ಪಣಂಬೂರಿಗೆ ಸಾಗಿಸಲು 67 ಕಿಲೋಮೀಟರ್ ಉದ್ದದ ಕೊಳವೆ. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಲು ಆದೇಶಿಸಿತು. 2005ರ ಡಿಸೆಂಬರ್ 31ರಂದು ಅದು ನಿಂತಿತು. ಕಾಡಿನ ಪಾಲಿಗೆ, ಭದ್ರೆಯ ಪಾಲಿಗೆ ಅದು ಒಳ್ಳೆಯದೇ ಆಯಿತೆಂದು ನಾನು ನಂಬುತ್ತೇನೆ. ಹಾಗೆಂದು ಅಲ್ಲಿಂದ ಲಾರಿ ಹತ್ತಿದ ಸಂಸಾರಗಳ ದುಃಖವನ್ನು ಸಣ್ಣದೆನ್ನಲಾರೆ. ನಮ್ಮ ಧರ್ಮಕೇಂದ್ರಕ್ಕೆ ಭಾನುವಾರ ಬರುತ್ತಿದ್ದ ಹಿರಿಯರೊಬ್ಬರು ಅಲ್ಲಿ ಯಂತ್ರಗಳ ದುರಸ್ತಿ ಮಾಡುತ್ತಿದ್ದವರು. ಕ್ವಾರ್ಟರ್ಸಿನ ಹಿಂದಿನ ಜಗಲಿಯಲ್ಲಿ ಅವರೊಂದು ಸಣ್ಣ ಕಾರ್ಯಾಗಾರ ಮಾಡಿಕೊಂಡಿದ್ದರಂತೆ: ಕೈಯಿಂದ ತಿರುಗಿಸುವ ಕೊರೆಯುವ ಯಂತ್ರ, ಹಿಡಿತದ ಮೇಜು, ಗೋಡೆಗೆ ಮೊಳೆ ಹೊಡೆದು ಅಳತೆಯ ಪ್ರಕಾರ ತೂಗುಹಾಕಿದ ಸ್ಪ್ಯಾನರುಗಳು. ಊರು ಬಿಡುವ ದಿನ ಜಾಗ ಸಾಲದೆ ಅರ್ಧದಷ್ಟನ್ನು ಹಂಚಿದರು. ಹಿಡಿತದ ಮೇಜು ನೆಲಕ್ಕೆ ಬೋಲ್ಟು ಹಾಕಿದ್ದು, ಬಿಚ್ಚಲಾಗಲಿಲ್ಲ. "ಅದು ಈಗಲೂ ಅಲ್ಲೇ ಇದ್ದೀತು ಫಾದರ್" ಎಂದರು. "ಚಾವಣಿ ಬಿದ್ದಿರಬಹುದು, ಮೇಲೆ ಜರೀಗಿಡ ಬೆಳೆದಿರಬಹುದು. ಆದರೆ ನಾನು ಹಾಕಿದ ಬೋಲ್ಟು ಸಡಿಲವಾಗಿರಲಾರದು." ಈ ಮಾತಾಡುವಾಗ ಅವರ ಬಲಗೈ ಇಲ್ಲದ ಸ್ಪ್ಯಾನರನ್ನು ಕಾಲು ಸುತ್ತು ತಿರುಗಿಸಿತು. ನನ್ನ ಪೆಟ್ಟಿಗೆಯ ಸುದ್ದಿ ಕೇಳಿ ಸಮಾಧಾನದ ಮಾತು ಆಡದೆ, ಒಳಗೆ ಏನೇನಿತ್ತೆಂದು ಒಂದೊಂದಾಗಿ ವಿಚಾರಿಸಿದವರು ಅವರೊಬ್ಬರೇ. ನಾನು ಹೇಳುತ್ತ ಹೋದೆ, ಅವರು ತಲೆಯಾಡಿಸುತ್ತ ಹೋದರು. ಸತ್ತವರ ಮನೆಯಲ್ಲಿ ಸತ್ತವರ ಬಗ್ಗೆ ಮಾತಾಡಿದಂತೆಯೇ ಇತ್ತು. ಅಂದು ನನಗೆ ಸ್ವಲ್ಪ ಹಗುರವೆನಿಸಿತು.

ಮರುವರ್ಷ 2019ರ ಆಗಸ್ಟ್. ಆಶ್ಲೇಷ ಮಳೆ ಮಲೆನಾಡಿಗೆ ಹೊಸದಲ್ಲ, ಆದರೆ ಆ ವರ್ಷದ್ದು ಬೇರೆ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮುಂತಾದ ಊರುಗಳಲ್ಲಿ ಗುಡ್ಡವೇ ಜಾರಿ ಮನೆ, ಗದ್ದೆ, ತೋಟಗಳ ಮೇಲೆ ಬಂತು. ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿತು. ಕಳಸದ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದಳು. ಪರಿಹಾರ ಕೇಂದ್ರಗಳಿಗೆ ಅಕ್ಕಿ, ಕಂಬಳಿ, ಬಿಸ್ಕತ್ತು, ಉಟ್ಟು ಬಿಟ್ಟ ಬಟ್ಟೆಗಳ ರಾಶಿ ಬಂದು ಬಿದ್ದವು. ಅಲ್ಲೊಬ್ಬ ನಡುವಯಸ್ಸಿನ ಆಚಾರಿ ಮೂಲೆಯಲ್ಲಿ ಸುಮ್ಮನೆ ಕೂತಿದ್ದ. ಹೆಂಡತಿ ಮಕ್ಕಳು ಕ್ಷೇಮವಾಗಿದ್ದರು. ಮನೆಯ ಜಾಗದಲ್ಲಿ ಕೆಂಪು ಕೆಸರು. ಏನು ಬೇಕೆಂದು ಕೇಳಿದರೆ ಎಲ್ಲರಿಗೂ "ಏನೂ ಬೇಡ" ಎನ್ನುತ್ತಿದ್ದ. ನಾನು ಬೇರೆ ರೀತಿ ಕೇಳಿದೆ. "ಎಷ್ಟು ಉಳಿ ಇದ್ದವು?" ಎಂದೆ.

ಅವನು ಮುಖ ಎತ್ತಿದ. "ಒಂಬತ್ತು," ಎಂದ. ಆಮೇಲೆ ತಡೆಯಿಲ್ಲದೆ ಮಾತು ಹರಿಯಿತು. ಕಾಲಂಗುಲದ್ದು ಅಜ್ಜನದು, ಮುಕ್ಕಾಲಂಗುಲದ್ದು ಉಡುಪಿಯಲ್ಲಿ ಕೊಂಡದ್ದು, ಒಂದರ ಹಿಡಿ ಒಡೆದು ಹೊಸದು ಹಾಕಬೇಕೆಂದಿದ್ದದ್ದು. ಕೆಸರು ಒಣಗಿದ ಮೇಲೆ ಅಗೆದು ನೋಡುತ್ತೇನೆಂದ. ಎರಡು ತಿಂಗಳ ನಂತರ ಅಗೆದ ಕೂಡ. ಸಿಕ್ಕಿದ್ದು ಒಂದು ಮೂಲೆಮಟ್ಟ, ಬಾಗಿತ್ತು.

ಚಿಕ್ಕಮಗಳೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಜೊತೆ ಉಪಕರಣ ಕೊಂಡೆ. ಒಂದನ್ನು ಅವನಿಗೆ ಕೊಟ್ಟೆ. ಉಳಿಯನ್ನು ಉಗುರಿನ ಮೇಲೆ ಒತ್ತಿ ನೋಡಿದ, ಅಪ್ಪ ಮಾಡುತ್ತಿದ್ದಂತೆಯೇ. "ಉಕ್ಕು ಅಷ್ಟಕ್ಕಷ್ಟೆ," ಎಂದ, ಧನ್ಯವಾದ ಹೇಳುವ ಮೊದಲೇ. ನನಗೆ ಅದು ಬಹಳ ಹಿಡಿಸಿತು. ಉಪಕಾರ ಸ್ವೀಕರಿಸುವವನ ದೀನತೆ ಅವನ ಮುಖದಿಂದ ಹೋಗಿ ಕಸುಬಿನವನ ಗತ್ತು ಮರಳಿತ್ತು. ಅದೇ ವಾರ ನಮ್ಮ ಗುರುನಿವಾಸದ ಹಿಂದೆ ಮಳೆಗೆ ಉರುಳಿದ್ದ ಹಲಸಿನ ಮರವನ್ನು ಎರಡಂಗುಲದ ಹಲಗೆಗಳಾಗಿ ಕೊಯ್ಯಿಸಿದ್ದೆವು. ಅಂಗುಲಕ್ಕೆ ಒಂದು ವರ್ಷ ಒಣಗಿಸಬೇಕೆಂಬುದು ಹಳಬರ ಲೆಕ್ಕ. ನಡುವೆ ಪಟ್ಟಿಗಳನ್ನಿಟ್ಟು ಗಾಳಿಯಾಡುವಂತೆ ಪೇರಿಸಿದೆವು. ಎರಡು ವರ್ಷ ಕಳೆದು, ಕೊರೋನಾ ಕಾಲದ ಮೌನದಲ್ಲಿ, ಅವನೂ ನಾನೂ ಸೇರಿ ಅದರಿಂದ ಎರಡು ಪೆಟ್ಟಿಗೆ ಮಾಡಿದೆವು. ಅವನದು ನೇರ, ನನ್ನದು ಒಂದು ಮೂಲೆಯಲ್ಲಿ ತುಸು ಓರೆ. ಹೊಸ ಉಳಿಗಳಿಗೆ ಕಾಫಿ ಮರದ ಹಿಡಿ ಹಾಕಿದ್ದೂ ಆಗಲೇ.

ಕಳೆದ ವರ್ಗಾವಣೆಯಲ್ಲಿ ಆ ಪೆಟ್ಟಿಗೆ ನನ್ನೊಂದಿಗೇ ಜೀಪಿನಲ್ಲಿ ಬಂತು. ಹೊಸ ಕೀಸುಳಿಯ ಹಿಡಿ ಇನ್ನೂ ಒರಟಾಗಿದೆ. ಹೆಬ್ಬೆರಳಿಗೆ ತಗ್ಗು ಬಿದ್ದಿಲ್ಲ, ನನ್ನ ವಯಸ್ಸು ನೋಡಿದರೆ ಬೀಳುವ ಲಕ್ಷಣವೂ ಕಾಣುವುದಿಲ್ಲ.

ಇಷ್ಟನ್ನು ಬರೆಯಲು ಇನ್ನೊಂದು ಉದ್ದೇಶವೂ ಇದೆ. ಈ ಪತ್ರಿಕೆ ದೂರದ ಊರುಗಳಿಗೂ ಹೋಗುತ್ತದೆ. ಕಲಬುರಗಿಗೂ ಚಿಕ್ಕಮಗಳೂರಿಗೂ ನಡುವೆ ಎಲ್ಲಾದರೂ, ಗುಜರಿ ಅಂಗಡಿಯಲ್ಲೋ ಯಾರಾದರೂ ಬಡಗಿಯ ಕೊಟ್ಟಿಗೆಯಲ್ಲೋ, ಇಪ್ಪತ್ತೆರಡು ಅಂಗುಲದ ಬೀಟೆಯ ಉಜ್ಜುಗೊರಡೊಂದು ನಿಮ್ಮ ಕಣ್ಣಿಗೆ ಬಿದ್ದೀತು. ಬೆಣೆಗೆ ಜಾಲಿಯ ಪಟ್ಟಿ ಅಂಟಿಸಿರುತ್ತದೆ, ಎಡಬದಿಯಲ್ಲಿ ದೊಡ್ಡ ಹೆಬ್ಬೆರಳಿನ ತಗ್ಗು. ದಯವಿಟ್ಟು ಬೆಲೆ ಕೇಳಬೇಡಿ, ಯಾರಿಂದ ಬಂತೆಂದೂ ವಿಚಾರಿಸಬೇಡಿ. ಅಲಗನ್ನು ಸ್ವಲ್ಪ ತಿರುಗಿಸಿ ಬೆಳಕಿಗೆ ಹಿಡಿದು ನೋಡಿ. ಮಸೆದಿದ್ದಾರೆಯೇ, ಎಣ್ಣೆ ಸವರಿದ್ದಾರೆಯೇ, ದಿನವೂ ಕೆಲಸ ಮಾಡುತ್ತಿದೆಯೇ, ಅಷ್ಟನ್ನು ಒಂದು ಕಾರ್ಡಿನಲ್ಲಿ ಸಂಪಾದಕರ ವಿಳಾಸಕ್ಕೆ ಬರೆದು ತಿಳಿಸಿ.